ಹಗೇವಿಗೆ ಇಳಿಯುವ ಮುನ್ನ ಟೋಕನ್ ಕೊಡಿ

ಮನೆತನದಲ್ಲಿ ಮೊದಲ ಬಾರಿಗೆ ಡಿಗ್ರಿ ಮಾಡಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಓದಲು ಏನು ಕೊಟ್ಟರೂ ‘ನನಗೆ ತಿಳಿಯದು’ ಎನ್ನಲು ಬಾಯಿ ಬರುವುದಿಲ್ಲ. ಕ್ಯಾಸಂಬಳ್ಳಿ ಪಕ್ಕದ ನಮ್ಮೂರಿನಲ್ಲಿ ನಾನು ಬಿ.ಎ. ಪಾಸಾದ ದಿನದಿಂದ ಕಾಗದ ಎಂಬುದೆಲ್ಲ ನಮ್ಮ ಜಗಲಿಗೆ ಬರತೊಡಗಿತು. ಹಸುವಿನ ಔಷಧಿಯ ಚೀಟಿ, ಪಂಪ್‌ಸೆಟ್ಟಿನ ಜೊತೆ ಬಂದ ಪುಸ್ತಕ, ಲಗ್ನಪತ್ರಿಕೆ, ಎಲ್ಲ. ಒಮ್ಮೆ ಪಕ್ಕದ ಮನೆಯ ಅಜ್ಜಿ ಎಕ್ಸ್‌ರೇ ಹಾಳೆಯನ್ನೇ ತಂದು, ಏನು ಬರೆದಿದ್ದಾರೆ ನೋಡು ಎಂದರು. ನಾನು ಅದನ್ನು ಬಿಸಿಲಿಗೆ ಹಿಡಿದು, ಮುಖವನ್ನು ಸಾಧ್ಯವಾದಷ್ಟು ಗಂಭೀರ ಮಾಡಿಕೊಂಡು, ‘ಮೂಳೆ ಇದೆ’ ಎಂದೆ. ಅಜ್ಜಿ ನೆಮ್ಮದಿಯಿಂದ ಹೋದರು. ಬಂಗಾರಪೇಟೆಯ ಕಚೇರಿಯಲ್ಲಿ ಕೆಲಸ ಸಿಕ್ಕಾಗ ಗುರುತಿನ ಚೀಟಿಯಲ್ಲಿ ಹೆಸರಿನ ಮುಂದೆ ಬಿ.ಎ. ಎಂದು ಹಾಕಿಸಬೇಕೆಂದು ನಾನು ಹಟ ಹಿಡಿದೆ. ಇಲ್ಲಿ ಯಾರೂ ಹಾಗೆ ಹಾಕಿಸುವುದಿಲ್ಲವಲ್ಲ ಎಂದರು. ಅವರ ಅಪ್ಪ, ಅಜ್ಜ ಓದಿದವರಿರಬಹುದು, ನನ್ನವರು ಓದಿಲ್ಲ, ಹಾಕಿ ಎಂದೆ. ಹಾಕಿದರು. ಆ ಚೀಟಿಯನ್ನು ಭಾನುವಾರವೂ ಕೊರಳಿಗೆ ಹಾಕಿಕೊಂಡು ತಿರುಗುತ್ತೇನೆ ಎಂಬುದನ್ನು ನಿಮ್ಮ ಬಳಿ ಮುಚ್ಚಿಡುವುದೇಕೆ.

ಈ ಕಾಯಿಲೆಯಿಂದಲೇ ನಾನು ಕಥೆ ಆಟದ ಯಜಮಾನಿಯಾದದ್ದು. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಸೆಲ್ವಿಯದು ಚಾಂಪಿಯನ್ ರೀಫ್ಸ್. ಚಿನ್ನದ ಗಣಿ ಕೆಲಸದವರ ಸಾಲುಮನೆಗಳಲ್ಲಿ ಒಂದು ಮನೆ. ಅವಳ ತಮ್ಮ ಕುಮಾರ್ ದಿನಾ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಒಂದು ಆಟಿಕೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾನೆ. ಅಲ್ಲಿಂದ ಅವನೊಂದು ಪೆಟ್ಟಿಗೆ ತಂದ. ಒಳಗೆ ಇಪ್ಪತ್ತು ಮುಖದ ಒಂದು ದಾಳ, ದಪ್ಪನೆಯ ಇಂಗ್ಲಿಷ್ ಪುಸ್ತಕ. ಚೌಕವಿಲ್ಲ, ಕಾಯಿಯಿಲ್ಲ. ಆಡುವ ಒಬ್ಬೊಬ್ಬರೂ ಒಬ್ಬ ಕಲ್ಪನೆಯ ಆಳಾಗಬೇಕು, ಕತ್ತಿ ಹಿಡಿದವಳೋ ಮಂತ್ರವಾದಿಯೋ. ಒಬ್ಬರು ಕಥೆ ಹೇಳುತ್ತಾ ಅವರನ್ನು ಕಷ್ಟಕ್ಕೆ ಸಿಕ್ಕಿಸಬೇಕು. ಪಾರಾದರೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಇಂಗ್ಲಿಷ್ ಪುಸ್ತಕ ಓದುವವರು ಯಾರು ಎಂಬ ಪ್ರಶ್ನೆ ಬಂದಾಗ ಅಕ್ಕ ತಮ್ಮ ಇಬ್ಬರೂ ನನ್ನ ಕೊರಳಿನ ಚೀಟಿಯನ್ನು ನೋಡಿದರು.

ಅರ್ಧ ಪುಸ್ತಕ ನನಗೆ ಅರ್ಥವಾಗಲಿಲ್ಲ. ಆದರೆ ಒಂದು ಮಾತು ಚೆನ್ನಾಗಿ ನಾಟಿತು. ಹೊಸದಾಗಿ ಆಡುವವರ ಆಳುಗಳು ಮೊದಲನೆಯ ಮೆಟ್ಟಿಲಿನವರು, ಅವರಿಗೆ ಇರುವುದೇ ಐದಾರು ಜೀವ, ಆದ್ದರಿಂದ ಅವರಿಗೆ ಸಣ್ಣ ಸಣ್ಣ ಸಾಹಸಗಳನ್ನೇ ಕೊಡಬೇಕು. ಇದನ್ನು ಓದಿದಾಗ ನನಗೆ ಸ್ವಲ್ಪ ಸಿಟ್ಟು ಬಂತು. ಮೊದಲನೆಯ ಮೆಟ್ಟಿಲಿನವರಿಗೆ ಸಣ್ಣದೇ ಯಾಕೆ? ಕಾಲೇಜಿಗೆ ಸೇರಲು ಹೋದಾಗ ನನಗೂ ಒಬ್ಬರು ಹೀಗೆಯೇ, ನಿನಗೆ ಟೈಲರಿಂಗ್ ಸಾಕು ಎಂದಿದ್ದರು. ಆ ಹಳೆಯ ಸಿಟ್ಟಿನಲ್ಲಿ ಮೊದಲ ಭಾನುವಾರವೇ ಏಳು ತಲೆಯ ಬೆಂಕಿ ಹಾವನ್ನು ಬಿಟ್ಟೆ. ಸೆಲ್ವಿ ಒಲೆಯ ಮೇಲೆ ಚಹಾ ಇಟ್ಟು ಬಂದು ಕೂತಿದ್ದಳು. ಚಹಾ ಕುದಿಯುವಷ್ಟರಲ್ಲಿ ಅವಳ ಕತ್ತಿವೀರೆಯೂ ಕುಮಾರನ ಮಂತ್ರವಾದಿಯೂ ಬೂದಿಯಾಗಿದ್ದರು. ಕುಮಾರ್ ತನ್ನ ಆಳಿಗೆ ಇಡೀ ವಾರ ರೈಲಿನಲ್ಲಿ ಕೂತು ಹೆಸರು ಯೋಚಿಸಿದ್ದನಂತೆ. ಆ ಹೆಸರನ್ನು ಹೇಳುವುದಕ್ಕೂ ಅವನಿಗೆ ಸಮಯ ಸಿಗಲಿಲ್ಲ.

ಎರಡನೆಯ ಭಾನುವಾರಕ್ಕೆ ನಾನು ಬುದ್ಧಿವಂತಳಾದೆ. ಪುಸ್ತಕದಲ್ಲೇ ಕೊಟ್ಟಿದ್ದ ಒಂದು ಸುಲಭದ ಸಾಹಸ ಆರಿಸಿದೆ. ಊರಾಚೆ ಪಾಳುಬಿದ್ದ ಗುಹೆ, ಅದರೊಳಗೆ ಚಿನ್ನ, ಕಾವಲಿಗೊಂದು ಬಡಕಲು ಭೂತ. ಸಾಧ್ಯವಾದಷ್ಟು ದಪ್ಪ ದನಿಯಲ್ಲಿ ಅದನ್ನೆಲ್ಲ ಬಣ್ಣಿಸಿ, ಈಗ ಒಳಗೆ ಹೋಗುತ್ತೀರಾ ಎಂದು ಕೇಳಿದೆ. ಇಬ್ಬರೂ ನನ್ನನ್ನು ಕನಿಕರದಿಂದ ನೋಡಿದರು.

“ಯಾಕೆ ಹೋಗ್ಬೇಕು?” ಎಂದಳು ಸೆಲ್ವಿ.

“ಚಿನ್ನ ಇದೆ.”

“ಅಕ್ಕಾ, ಮುತ್ತಾತ, ತಾತ, ಅಪ್ಪ, ಮೂರು ತಲೆ ಒಳಗೆ ಹೋಗಿ ಬಂದವ್ರೆ,” ಎಂದ ಕುಮಾರ್. “ಈ ಮನೇಲಿ ಚಿನ್ನ ಎಲ್ಲಿದೆ, ನೀವೇ ಹುಡುಕಿ ಕೊಡಿ.”

ರಾಗಿ ಹೊಲದಿಂದ ಬಂದ ನನಗೆ ಇದು ಹೊಳೆದಿರಲಿಲ್ಲ. ಭೂಮಿಯ ಮೇಲೆ ಯಾವ ಊರಿನಲ್ಲಾದರೂ ಈ ಸಾಹಸ ನಡೆದೀತು, ಈ ಸಾಲುಮನೆಗಳಲ್ಲಿ ಮಾತ್ರ ನಡೆಯದು. ಸೆಲ್ವಿಯ ಕತ್ತಿವೀರೆ ಗುಹೆಯ ಬಾಯಲ್ಲೇ ಇಡ್ಲಿ ಅಂಗಡಿ ಇಟ್ಟಳು. ಒಳಗೆ ಹೋಗುವ ಪೆದ್ದರು ಹಸಿದೇ ಹೋಗುತ್ತಾರೆ, ವ್ಯಾಪಾರ ಆಗುತ್ತದೆ ಎಂಬುದು ಅವಳ ಲೆಕ್ಕಾಚಾರ. ಮಂತ್ರವಾದಿ ರೈಲಿಗೆ ಹೊತ್ತಾಯಿತೆಂದು ಹೊರಟ. ಆ ರಾಜ್ಯದಲ್ಲಿ ರೈಲು ಇಲ್ಲ ಎಂದರೂ ಕೇಳಲಿಲ್ಲ. ಒಂದು ಕಾಲನ್ನಾದರೂ ಒಳಗಿಡಿ ಎಂದು ನಾನು ಬೇಡಿಕೊಳ್ಳುತ್ತಿದ್ದಾಗ ಮೂಲೆಯ ಮಂಚದಿಂದ ಒಂದು ದನಿ ಬಂತು.

“ಟೋಕನ್ ಎಲ್ಲಮ್ಮಾ?”

ಪೆರುಮಾಳ್ ತಾತ, ಸೆಲ್ವಿಯ ಅಪ್ಪ. ಮೂವತ್ತು ವರ್ಷ ಗಣಿಗೆ ಇಳಿದವರು. ನಾವು ಆಡುವಾಗ ಯಾವಾಗಲೂ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದರು. “ಟೋಕನ್ ಕೊಡಾಮೆ ಯಾರೂ ಇಳಿಯೋಂಗಿಲ್ಲ,” ಎಂದರು, ಅರ್ಧ ತಮಿಳಿನಲ್ಲಿ ಅರ್ಧ ಕನ್ನಡದಲ್ಲಿ. “ಮೇಲ್ಗಡೆ ಇರೋನ ಕೈಲಿ ಟೋಕನ್ ಇರ್ಬೇಕು. ಇಲ್ಲಾಂದ್ರೆ ಒಳಗೆ ಯಾರವ್ರೆ, ಯಾರು ಬಂದ್ರು, ಹೆಂಗೆ ಗೊತ್ತಾಗ್ತದೆ?” ಇಷ್ಟು ಹೇಳಿ ಮತ್ತೆ ಗೋಡೆಯ ಕಡೆ ತಿರುಗಿದರು.

ಆಟ ಅಲ್ಲಿಗೇ ನಿಂತಿತು. ನನ್ನನ್ನು ಬಸ್ಸಿಗೆ ಹತ್ತಿಸಲು ಸೆಲ್ವಿ ಬಂದಳು. ಬಸ್ಸು ಬರುವುದು ಕಂಡಾಗ ಅಪ್ಪನ ಮಾತು ತೆಗೆದಳು. ಅಮ್ಮ ತೀರಿಕೊಂಡ ಮೇಲೆ ಈ ಒಂದು ವರ್ಷದಿಂದ ಅಪ್ಪ ಆಡುವುದು ಒಂದೇ ಮಾತಂತೆ, ಊಟಕ್ಕೆ ಬಡಿಸುವಾಗ ‘ಸಾಕು’ ಎಂದು. ಇವತ್ತು ಮಾತಿಗೆ ಮಾತು ಸೇರಿಸಿದರು. “ರತ್ನಾ, ಮುಂದಿನ ವಾರ ಅಪ್ಪನಿಗೂ ಒಂದು ಆಳು ಕೊಡು. ಅವ್ರು ಎದ್ದು ಕೂರೋ ಅಂಥ ಕಥೆ ಹೇಳು,” ಎಂದಳು. ಈ ಕಥೆಯೂ ಕೆಟ್ಟರೆ ಕುಮಾರ್ ಪೆಟ್ಟಿಗೆಯನ್ನು ಅಂಗಡಿಗೆ ಹಿಂತಿರುಗಿಸಿ ಕೇರಂ ಬೋರ್ಡ್ ತರುತ್ತಾನೆ, ಅಪ್ಪನ ಸೆಟೆದ ಬೆರಳುಗಳು ಕೇರಂ ಆಡಲಾರವು ಎಂದೂ ಸೇರಿಸಿದಳು. ಎರಡು ಸಲ ಗಣಿತದಲ್ಲಿ ಫೇಲಾಗಿ ಮೂರನೆಯ ಸಲ ಪಾಸಾದವಳು ನಾನು. ಆದರೆ ಅಲ್ಲಿ ಫೇಲಾದರೆ ಮಂಚದಲ್ಲಿ ಮಲಗಿಯೇ ಉಳಿಯುವವರು ಯಾರೂ ಇರಲಿಲ್ಲ.

ಆ ವಾರವೆಲ್ಲ ನಾನು ಎಲ್ಲಿದ್ದೆನೋ ನನಗೇ ಗೊತ್ತಿಲ್ಲ. ಬಂಗಾರಪೇಟೆಯಿಂದ ಊರಿಗೆ ಹೋಗುವ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತರೆ ಕಂಡದ್ದೆಲ್ಲ ಸಾಹಸವಾಗುತ್ತಿತ್ತು. ದೂರದಲ್ಲಿ ಗಣಿಯ ಮಣ್ಣಿನ ಬಿಳಿ ದಿಬ್ಬಗಳು ಸಂಜೆ ಬಿಸಿಲಿಗೆ ತಿಳಿ ಅರಿಶಿನ ಬಣ್ಣಕ್ಕೆ ತಿರುಗಿದಾಗ, ಅವು ದಿಬ್ಬಗಳಲ್ಲ, ಮಗ್ಗುಲಾಗಿ ಮಲಗಿದ ದೈತ್ಯರು, ಒಬ್ಬ ದೈತ್ಯನ ಕಿವಿಯೊಳಗೆ ಯಾರದೋ ಮೇಕೆ ಹೋಗಿಬಿಟ್ಟಿದೆ, ಅವನಿಗೆ ಎಚ್ಚರವಾಗದಂತೆ ಅದನ್ನು ಹೊರತರಬೇಕು ಅನಿಸಿತು. ಮುಂದಿನ ಸೀಟಿನ ಹೆಂಗಸಿನ ಚೀಲದಿಂದ ತಲೆ ಹೊರಗಿಟ್ಟ ಕೋಳಿ ನನ್ನನ್ನೇ ನೋಡುತ್ತಿತ್ತು. ಇದು ಶಾಪ ತಟ್ಟಿದ ತಹಸೀಲ್ದಾರರಿರಬಹುದು, ರಾತ್ರಿಗೆ ಸಾರಾಗುವ ಮುಂಚೆ ಬಿಡಿಸಬೇಕು. ಬೂದಿಕೋಟೆ ಕಡೆಯ ಬಸ್ಸೊಂದು ಎದುರಾಯಿತು. ಅದರ ಕೊನೆಯ ನಿಲ್ದಾಣದಾಚೆಗೆ ಇನ್ನೂ ಒಂದು ನಿಲ್ದಾಣವಿದೆ, ಅಲ್ಲಿ ಇಳಿಯುವವರು ಬಸ್ಸು ಹತ್ತಿದ್ದನ್ನು ಯಾರೂ ಕಂಡಿಲ್ಲ. ಇದು ನನಗೆ ಬಹಳ ಹಿಡಿಸಿತು. ಈ ಗುಂಗಿನಲ್ಲಿ ನಾನೇ ನಮ್ಮೂರು ದಾಟಿ ಎರಡು ನಿಲ್ದಾಣ ಮುಂದೆ ಇಳಿದು ನಡೆದು ಬಂದೆ.

ಇಷ್ಟೆಲ್ಲ ಹೊಳೆದರೂ ತಾತನನ್ನು ಮಂಚದಿಂದ ಎಬ್ಬಿಸುವಂಥದ್ದು ಒಂದೂ ಹೊಳೆಯಲಿಲ್ಲ. ಶನಿವಾರ ಸಂಜೆ ಅಮ್ಮ ಹಸುವಿನ ಕೆಚ್ಚಲ ಬಳಿ ಕೂತಿದ್ದಳು. ನಾನು ಕಂಬಕ್ಕೊರಗಿ ಆಕಾಶ ನೋಡುತ್ತಿದ್ದೆ. ಏನಾಗಿದೆ ನಿನಗೆ ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆ. ದಾಳ, ಭೂತ, ಇಡ್ಲಿ ಅಂಗಡಿ, ತಾತ. ಅಮ್ಮ ಹಾಲು ಕರೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, ಬಿ.ಎ. ಓದಿದ್ದು ಇದಕ್ಕಾ ಎಂದಳು. ಆಮೇಲೆ ತಾನೇ ಹೇಳತೊಡಗಿದಳು. ಅವಳು ಚಿಕ್ಕವಳಿದ್ದಾಗ ತೀರಾ ಸಣಕಲಂತೆ. ಊರಿನ ಹಗೇವು, ಅಂದರೆ ನೆಲದಡಿಯ ರಾಗಿ ಕಣಜ, ತೆಗೆದಾಗಲೆಲ್ಲ ಅದರ ಇಕ್ಕಟ್ಟಾದ ಬಾಯಿಯಿಂದ ಇವಳನ್ನೇ ಹಗ್ಗ ಕಟ್ಟಿ ಇಳಿಸುತ್ತಿದ್ದರಂತೆ.

“ಮೊದ್ಲು ದೀಪ ಬಿಡ್ಬೇಕು. ದೀಪ ಆರೋಯ್ತಾ, ಯಾರೂ ಇಳೀಬಾರ್ದು. ಒಳಗೆ ಕೆಟ್ಟ ಗಾಳಿ ಇರ್ತದೆ.”

ಹೆದರಿಕೆ ಆಗುತ್ತಿರಲಿಲ್ಲವೇ ಎಂದೆ.

“ಕತ್ಲೆ ಏನ್ ಮಾಡ್ತದೆ? ಮೇಲಿದ್ದೋರು ಉಣ್ಣಾಕೋಗಿ ನನ್ ಮರ್ತ್ಬುಟ್ಟಾರು ಅಂತ ಇತ್ತು. ಅದ್ಕೇ ಒಳಗಿರೋಗಂಟ ಪದ ಏಳ್ತಿದ್ದೆ.”

ಅಮ್ಮ ನನಗೆ ಇಪ್ಪತ್ತೊಂಬತ್ತು ವರ್ಷ ಅನ್ನ ಹಾಕಿದ್ದಾಳೆ, ಒಂದು ದಿನವೂ ಈ ಮಾತು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಪರೀಕ್ಷೆಗೆ ಎಲ್ಲೆಲ್ಲಿಯ ರಾಜರ ಕೋಟೆಕೊತ್ತಲಗಳನ್ನೋ ಬಾಯಿಪಾಠ ಮಾಡುತ್ತಿದ್ದೆ.

ಮರುದಿನ ಮಧ್ಯಾಹ್ನ ಚಾಂಪಿಯನ್ ರೀಫ್ಸಿನಲ್ಲಿ ಒಂದು ಚೀಟಿಯ ಮೇಲೆ ‘ದೀಪದವನು, ಜೀವ ನಾಲ್ಕು’ ಎಂದು ಬರೆದು ತಾತನ ದಿಂಬಿನ ಬಳಿ ಇಟ್ಟೆ. ಅವರು ಮುಟ್ಟಲಿಲ್ಲ. ಕಥೆ ಶುರುಮಾಡಿದೆ. ಒಂದೂರು. ಅಲ್ಲಿ ವರ್ಷಗಳಿಂದ ಮುಚ್ಚಿದ ಒಂದು ಹಗೇವು. ಅದರೊಳಗಿಂದ ಯಾರೋ ಹಾಡುವುದು ಕೇಳಿಸುತ್ತಿದೆ. ಚಿನ್ನ ಇದೆಯಾ ಎಂದು ಕುಮಾರ್ ಅನುಮಾನದಿಂದ ಕೇಳಿದ. ರಾಗಿ ಕೂಡ ಇಲ್ಲ ಎಂದೆ. ಹಾಗಾದರೆ ಇಳಿಯಬಹುದು ಎಂದ. ಚಪ್ಪಡಿ ಸರಿಸಿದರು. ಸೆಲ್ವಿಯ ಕತ್ತಿವೀರೆ ಹಗ್ಗ ಕಟ್ಟಿಕೊಳ್ಳುವಷ್ಟರಲ್ಲಿ ಮಂಚ ಕಿರ್ ಎಂದಿತು.

ತಾತ ಎದ್ದು ಕೂತಿದ್ದರು. ಚೀಟಿ ಅವರ ಕೈಯಲ್ಲಿತ್ತು. ನಿಮ್ಮ ಆಳಿನ ಹೆಸರೇನು ಎಂದು ಕೇಳಿದೆ. ಹೆಸರು ಹೇಳಲಿಲ್ಲ, ಗಣಿಯಲ್ಲಿದ್ದಾಗಿನ ತಮ್ಮ ಟೋಕನ್ ನಂಬರ್ ಹೇಳಿದರು. ಬಿಸ್ಕತ್ತಿನ ಖಾಲಿ ಡಬ್ಬ ತರಿಸಿ ಎಲ್ಲರ ಮುಂದೆ ಹಿಡಿದರು. ಸೆಲ್ವಿ ಜಡೆಯ ಕ್ಲಿಪ್ಪು ಹಾಕಿದಳು. ಕುಮಾರ್ ರೈಲಿನ ಪಾಸು ಹಾಕಿದ. ಡಬ್ಬ ನನ್ನ ಮುಂದೆಯೂ ಬಂತು. ನಾನು ಕಥೆ ಹೇಳುವವಳು, ಇಳಿಯುವುದಿಲ್ಲ ಎಂದೆ. ನೀನು ಮುಂಚೆಯೇ ಒಳಗೆ ಹೋಗಿ ನೋಡದೆ ಅಲ್ಲೇನಿದೆ ಅಂತ ಹೇಗೆ ಹೇಳುತ್ತೀಯ ಎಂದರು. ಇದಕ್ಕೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಕೊರಳಿನ ಚೀಟಿಯನ್ನು ಬಿಚ್ಚಿ ಡಬ್ಬಕ್ಕೆ ಹಾಕಿದೆ.

ತಾತನೇ ದೀಪ ಇಳಿಬಿಟ್ಟರು. ದಾಳ ಉರುಳಿಸಿದರೆ ಎರಡು. ದೀಪ ಆರಿತು. ಪುಸ್ತಕದ ಪ್ರಕಾರ ಮತ್ತೆ ಉರುಳಿಸಬಹುದು ಎಂದೆ. ಅವರು ಕೈಯೆತ್ತಿ ತಡೆದು, ಗಾಳಿ ಆಡಲಿ ಎಂದರು. ನಾವು ಕಾದೆವು. ಇದನ್ನು ನಿಮಗೆ ಹೇಗೆ ಹೇಳಲಿ, ನಿಜವಾಗಿಯೂ ಕಾದೆವು. ಸೆಲ್ವಿ ಚಹಾ ತಂದಳು. ಕಿಟಕಿಯಾಚೆ ಬಿಳಿ ದಿಬ್ಬದ ಮೇಲಿಂದ ಸಣ್ಣ ಧೂಳೆದ್ದು ಹಾಗೇ ಗಾಳಿಯಲ್ಲಿ ನಿಂತಿತ್ತು. ಎಲ್ಲಿಯೂ ಇಲ್ಲದ ಒಂದು ಹಗೇವಿನ ಸುತ್ತ, ಅದರೊಳಗೆ ಇಲ್ಲದ ಗಾಳಿ ತಿಳಿಯಾಗಲೆಂದು, ನಾಲ್ಕು ಜನ ದೊಡ್ಡವರು ಕೂತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ನಿಶ್ಚಿಂತೆಯ ಅರ್ಧ ಗಂಟೆ ಇನ್ನೊಂದು ನೆನಪಿಲ್ಲ. ಆಮೇಲೆ ತಾತ ದಾಳ ಎತ್ತಿಕೊಂಡರು. ಹದಿನೇಳು. ದೀಪ ಆರದೆ ನಿಂತಿತು.

ಅಕ್ಕ ತಮ್ಮ ಇಳಿದರು. ದೀಪದವನು ಇಳಿಯಲಿಲ್ಲ. ಹಗ್ಗ ಹಿಡಿಯಲು ಒಬ್ಬ ಮೇಲಿರಬೇಕು, ನಾನಿರುತ್ತೇನೆ ಎಂದರು ತಾತ. ಕೆಳಗೆ ಒಬ್ಬಳು ಹುಡುಗಿ. ಯಾವ ಕಾಲದಲ್ಲೋ ರಾಗಿ ತುಂಬಲು ಇಳಿಸಿ, ಮೇಲಿದ್ದವರು ಊಟಕ್ಕೆ ಹೋಗಿ ಮರೆತುಬಿಟ್ಟವಳು. ಭೂತವೋ ಮನುಷ್ಯಳೋ ಎಂದು ಕುಮಾರ್ ಕೇಳಲಿಲ್ಲ, ಸೆಲ್ವಿ ತನ್ನ ಹಗ್ಗದ ತುದಿಯನ್ನು ಅವಳ ಸೊಂಟಕ್ಕೂ ಸುತ್ತಿದಳು. ಮೂವರೂ ಅರ್ಧ ಹತ್ತಿದಾಗ, ಸಾಹಸ ಎಂದ ಮೇಲೆ ಏನಾದರೂ ಆಗಬೇಕಲ್ಲ, ಹಗೇವಿನ ಗೋಡೆ ಕುಸಿಯಿತು ಎಂದೆ. ಅಂದ ಕೂಡಲೇ ತಾತನ ಮುಖ ನೋಡಿದೆ. ಆ ಮಾತನ್ನು ನುಂಗಿಬಿಡಬೇಕೆನಿಸಿತು. ತಾತ ಹತ್ತು ದಾಟಿಸಿದರೆ ಹಗ್ಗ ನಿಲ್ಲುತ್ತದೆ. ಅವರು ದಾಳವನ್ನು ಎರಡೂ ಕೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡಿದ್ದು ಬಿಟ್ಟರು. ಅದು ಉರುಳಿ ನನ್ನ ಮೊಣಕಾಲಿನ ಬಳಿ ನಿಂತಿತು.

ಮೂರು.

ನಾನು ಯಾವ ಪರೀಕ್ಷೆಯಲ್ಲೂ ಕಾಪಿ ಹೊಡೆದವಳಲ್ಲ. ಗಣಿತದಲ್ಲಿ ಎರಡು ಸಲ ಫೇಲಾದದ್ದೇ ಅದಕ್ಕೆ ಸಾಕ್ಷಿ. ಆದರೂ ದಾಳವನ್ನು ಚಟ್ಟನೆ ಎತ್ತಿಕೊಂಡು, “ಹದಿಮೂರು,” ಎಂದೆ. ಸೆಲ್ವಿ ನೋಡಿದ್ದಳು. ಕುಮಾರನೂ ನೋಡಿದ್ದ. ಇಬ್ಬರೂ ಚಹಾದ ಲೋಟದೊಳಗೆ ಏನೋ ಹುಡುಕತೊಡಗಿದರು. ತಾತ ಹಗ್ಗ ಎಳೆದರು. ನಿಜವಾಗಿ ಎಳೆದರು, ಒಂದು ಕೈಯ ಮೇಲೆ ಇನ್ನೊಂದು ಕೈ ಹಾಕುತ್ತಾ, ಮೂವರ ಭಾರಕ್ಕೆ ತಕ್ಕಷ್ಟು ನಿಧಾನವಾಗಿ. ಆಮೇಲೆ ಡಬ್ಬ ತೆರೆದು ಮಗಳಿಗೆ ಕ್ಲಿಪ್ಪು ಕೊಟ್ಟರು, ಮಗನಿಗೆ ಪಾಸು ಕೊಟ್ಟರು. ಆ ಹುಡುಗಿಗೆ ಏನಾದರೂ ತಿನ್ನಲು ಕೊಡು ಎಂದು ಸೆಲ್ವಿಗೆ ಹೇಳಿದರು. ಸೆಲ್ವಿ ಬಾಗಿಲ ಕಡೆ ತಿರುಗಿಕೊಂಡು, ಕೊಡ್ತೀನಪ್ಪಾ ಎಂದಳು.

ನಾನು ಕೈಚಾಚಿದೆ. ತಾತ ಡಬ್ಬದ ಮುಚ್ಚಳ ಹಾಕಿದರು.

“ನಿಂದು ಇರ್ಲಿ. ನೀನಿನ್ನೂ ಮೇಲೆ ಬಂದಿಲ್ಲ.”

ಯಾಕೆ ಎಂದೆ.

“ಮೂವತ್ತು ವರ್ಷ ಕತ್ತಲಲ್ಲಿ ನಂಬರ್ ಓದಿದೀನಮ್ಮಾ. ಮೂರು ನಂಗೆ ಹಗಲಲ್ಲಿ ಕಾಣ್ಸಲ್ವಾ?” ಎಂದು ಡಬ್ಬವನ್ನು ದಿಂಬಿನಡಿ ಇಟ್ಟುಕೊಂಡರು. “ಮುಂದಿನ ಭಾನುವಾರ ಬಾ. ಸರಿಯಾಗಿ ಓದಿ ತೋರ್ಸು, ಕೊಡ್ತೀನಿ.”

ಈಗ ಈ ವಾರವೆಲ್ಲ ಚೀಟಿಯಿಲ್ಲದೆ ಕಚೇರಿಗೆ ಹೋಗುತ್ತಿದ್ದೇನೆ. ಬಾಗಿಲಿನ ಕಾವಲುಗಾರ ನಿಯಮ ಮುರಿಯುವವನಲ್ಲ. ದಿನಾ ಬೆಳಿಗ್ಗೆ ಹೊರಗಿನವರ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡೇ ಒಳಗೆ ಬಿಡುತ್ತಾನೆ. ಬರೀ ರತ್ನಮ್ಮ ಎಂದು. ಮೂರು ದಿನ ಸಹಿಸಿದೆ. ನಾಲ್ಕನೆಯ ದಿನ ಅವನ ಕೈಯಿಂದ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಬಿ.ಎ. ಎಂದು ನಾನೇ ಸೇರಿಸಿದೆ. ಅವನು ಅದನ್ನೂ ನನ್ನನ್ನೂ ನೋಡಿ, ಇಷ್ಟು ಓದಿದವರು ಒಂದು ಕಾರ್ಡು ಜೋಪಾನ ಮಾಡಲು ಆಗಲಿಲ್ಲವಾ ಅಮ್ಮಾ, ಎಲ್ಲಿ ಬೀಳಿಸಿದಿರಿ ಎಂದು ಕೇಳಿದ. ಬೀಳಿಸಿಲ್ಲ, ಅದು ಮೇಲೆ ಭದ್ರವಾಗಿದೆ, ಕೆಳಗಿರುವವಳು ನಾನು ಎಂದೆ. ಅವನು, ಎಕ್ಸ್‌ರೇ ನೋಡಿದಾಗ ನಾನು ಮಾಡಿಕೊಂಡಿದ್ದಂಥ ಮುಖವನ್ನೇ ಮಾಡಿಕೊಂಡು, ‘ಬಂದ ಕಾರಣ’ ಎಂಬ ಜಾಗದಲ್ಲಿ ‘ಮೂಳೆ ಇದೆ’ ಎನ್ನುವಷ್ಟೇ ಧೈರ್ಯವಾಗಿ ‘ಕೆಲಸ’ ಎಂದು ಬರೆದ.