ಕಾಕಾ ಸಿನಿಮಾಕ್ಕೆ ಜನ ಹತ್ತಿಸಿದ್ದು

ನಮ್ಮ ಕಾಕಾ ಈತನಕ ಒಂದು ಸಿನಿಮಾವನ್ನೂ ನೆಟ್ಟಗೆ ನೋಡಿದವರಲ್ಲ. ಬೀದರಿನ ಮೈಲೂರಿನಲ್ಲಿ ನಮ್ಮ ಓಣಿಗೊಂದು ಸಿನಿಮಾ ಸಂಘ ಕಟ್ಟಿದವರು ಮಾತ್ರ ಅವರೇ! ಪರದೆಗೆ ಬೆನ್ನು ಹಾಕಿ, ಕುಳಿತವರ ಮುಖಗಳನ್ನೇ ನೋಡುತ್ತ ನಿಲ್ಲುವ ಪ್ರೇಕ್ಷಕನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾವು ಪ್ರತಿ ಆಟದಲ್ಲೂ ಕಾಣುತ್ತೇವೆ.

ಕಾಕಾ ಸರಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನೌಕರಿಯ ಬಹುಪಾಲು ಔರಾದ ಬಸ್ಸಿನಲ್ಲೇ ಕಳೆಯಿತು. ನಿವೃತ್ತಿಯ ದಿನ ಚೀಲ, ಟಿಕೆಟ್ ಮಷಿನ್ನು ಎಲ್ಲವನ್ನೂ ಡಿಪೋಕ್ಕೆ ಒಪ್ಪಿಸಿ ಬಂದರು. ಕಂಡಕ್ಟರಿಕೆಯನ್ನು ಒಪ್ಪಿಸುವುದು ಮರೆತರು. ಮದುವೆಯ ಊಟದ ಪಂಕ್ತಿಯಲ್ಲಿ "ಹಿಂದ ಜಾಗಾ ಖಾಲಿ ಅದ, ಹಿಂದ ಸರೀರಿ" ಎನ್ನುತ್ತಾರೆ. ಮನೆಗೆ ಬಂದ ಬೀಗರು ಹೊಸ್ತಿಲಲ್ಲಿ ಒಂದು ಕ್ಷಣ ನಿಂತರೆ "ಬಾಗಲಾದಾಗ ನಿಂದ್ರಬ್ಯಾಡ್ರಿ" ಎಂದು ಒಳಗೆ ನೂಕುತ್ತಾರೆ. ಕಾಕಾನ ಹೆಂಡತಿ, ನಮ್ಮ ಕಾಕು, ದೇವರಿಗೆ ಆರತಿ ಮುಗಿಸಿದರೆ ಹಿಂದಿನಿಂದ "ರೈಟ್!" ಎಂಬ ಧ್ವನಿ ಬರುತ್ತದೆ. ದೇವರು ಇನ್ನೂ ಹೊರಟಿಲ್ಲ ಎಂಬುದಷ್ಟೇ ಸಮಾಧಾನ.

ಸಂಘಕ್ಕೆ ಕಾರಣ ಎದುರು ಮನೆಯ ಉಸ್ತಾದರು. ಕಾಕಾನ ಔರಾದ ಬಸ್ಸನ್ನು ಓಡಿಸುತ್ತಿದ್ದ ಡ್ರೈವರ್ ಅವರು, ಕಮಲನಗರದ ಕಡೆಯವರು. ಹೆಂಡತಿ ತೀರಿಕೊಂಡ ಮೇಲೆ ಉಸ್ತಾದರು ಮನೆಯಿಂದ ಹೊರಬರುವುದನ್ನೇ ಬಿಟ್ಟರು. ಮಗ, ಸೊಸೆ ಜೊತೆಗಿದ್ದರು. ಕೊರತೆ ಏನೂ ಇರಲಿಲ್ಲ. ಆದರೂ ಕಿಟಕಿ ಪಕ್ಕ ಕುಳಿತವರು ಕುಳಿತೇ ಇದ್ದರು. ಕಾಕಾ ದಿನಾ ಹೋಗಿ ಕರೆಯುತ್ತಿದ್ದರು.

"ಚಹಾ ಕುಡಿಲಕ್ಕ ಬಾ ಉಸ್ತಾದ್."

"ಮನ್ಯಾಗೇ ಅದ."

"ಹಂಗಾರ ಕಿಲ್ಲಾದ ಕಡಿ ತಿರಗ್ಯಾಡಿ ಬರೋಣ ಬಾ."

"ಎಷ್ಟ್ ಸಲ ನೋಡೂದು ಅದನ್ನ? ಅದೇನು ಎಲ್ಲಿಗಾದ್ರೂ ಹೊಂಟದೇನು?"

ಒಂದು ದಿನ ಕಾಕಾ ಸೊಂಟದ ಮೇಲೆ ಕೈಯಿಟ್ಟು ಅಂಗಳದಲ್ಲಿ ಘೋಷಿಸಿದರು: "ಒಬ್ಬ ಕರದ್ರ ಒಲ್ಲೆ ಅಂತಾನ. ಗಾಡಿ ತುಂಬ ಮಂದಿ ಕೂಡಿ ಸಿನಿಮಾಕ್ಕ ಕರದ್ರ ಹ್ಯಾಂಗ ಒಲ್ಲೆ ಅಂತಾನ, ನಾನೂ ನೋಡ್ತೇನಿ."

"ಅವರೊಬ್ಬರ ಸಲಾಕ್ ಓಣಿ ಮಂದಿನೆಲ್ಲಾ ಸಿನಿಮಾಕ್ಕ ಒಯ್ತೀರೇನು?" ಎಂದರು ಕಾಕು. ಅವರಿಗೆ ಯಾವುದಕ್ಕೂ ಕಾಯುವ ಅಭ್ಯಾಸವಿಲ್ಲ; ಉತ್ತರ ಬರುವ ಮೊದಲೇ ಒಳಗೆ ಹೋದರು.

ಸಂಘದ ಮೊದಲ ಸಭೆ ನಮ್ಮ ಮಾಳಿಗೆಯ ಮೇಲೆ ನಡೆಯಿತು. ಯಾವ ಭಾಷೆಯ ಸಿನಿಮಾ ಎಂಬಲ್ಲಿಗೇ ಸಂಘ ಒಡೆಯುವ ಲಕ್ಷಣ ಕಂಡಿತು. ಒಬ್ಬರಿಗೆ ಕನ್ನಡ, ಒಬ್ಬರಿಗೆ ಹಿಂದಿ, ಹೈದರಾಬಾದಿನಲ್ಲಿ ತವರಿರುವವರಿಗೆ ತೆಲುಗು. "ಬೋರ್ಡ್ ಯಾವ ಭಾಷಾದಾಗ ಇದ್ರ ಏನ್ರಿ, ಗಾಡಿ ಊರು ಮುಟ್ಟಿದ್ರ ಸಾಕು" ಎಂದು ಕಾಕಾ ತೀರ್ಪು ಕೊಟ್ಟರು. ಪಕ್ಕದ ಮನೆಯ ಟೀಚರಿಗೆ ಸಮಾಧಾನವಾಗಲಿಲ್ಲ.

"ಕಥಿ ಹ್ಯಾಂಗ ಅದ ಅಂತ ಕೇಳಿ ಹೋಗಬೇಕಲ್ರಿ ಕಾಕಾ?"

"ಬಸ್ ಹತ್ತೂ ಮುಂದ ಎಂಜಿನ್ ಹ್ಯಾಂಗ ಅದ ಅಂತ ಕೇಳ್ತೀರೇನ್ರಿ ಟೀಚರ್? ಹತ್ತೂದು, ಕೂಡೂದು!"

ಹತ್ತಿದೆವು, ಕುಳಿತೆವು. ಆದರೆ ಥಿಯೇಟರಿನಲ್ಲಿ, ಟಿಕೆಟ್ಟಿನ ಮೇಲೆ ಬರೆದಲ್ಲಿ ಅಲ್ಲ. "ಹೆಣ್ಮಕ್ಕಳು ಮುಂದ, ಗಂಡಸರು ಹಿಂದ" ಎಂದು ಕಾಕಾ ನಮ್ಮನ್ನಷ್ಟೇ ಅಲ್ಲ, ಸಂಬಂಧವಿಲ್ಲದ ಎರಡು ಸಾಲಿನ ಜನರನ್ನೂ ಎಬ್ಬಿಸಿ ಕೂರಿಸಿದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಆ ಸಿನಿಮಾವನ್ನು ಬೇರೆ ಬೇರೆ ಸಾಲಿನಲ್ಲಿ ಕುಳಿತು ನೋಡಿತು! ಸಾಲಿನ ತುದಿಯ ಒಂದು ಕುರ್ಚಿಗೆ ಕಾಕಾ ತಮ್ಮ ಟವೆಲ್ ಹಾಸಿದರು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಊರು ನಮ್ಮದು. ಆ ಹಕ್ಕನ್ನು ಇಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಆದರೂ ಒಬ್ಬ ದಪ್ಪನೆಯ ಗೃಹಸ್ಥರು ಪ್ರಶ್ನಿಸಿದರು.

"ಇಲ್ಲಿ ಯಾರರ ಬರೋರು ಅದಾರೇನ್ರಿ?"

"ಬರ್ತಾರ್ರಿ."

"ಯಾವಾಗ?"

"ಅದು ಹೇಳಲಕ್ಕ ಬರಂಗಿಲ್ರಿ."

ದೀಪ ಆರುವಾಗ ಟೀಚರ್ ಇನ್ನೂ ಹೊರಗಿದ್ದರು. ಕಾಕಾ ಬಾಗಿಲು ಕಾಯುವವನ ಬಳಿ ಓಡಿದರು: "ಜರಾ ನಿಂದ್ರಸ್ರಿ, ಒಬ್ಬರು ಓಡಿ ಬರ್ಲಕತ್ತಾರ."

"ನಿಂದ್ರಸಲಕ್ಕ ಇದೇನು ಬಸ್ಸೇನ್ರಿ?"

ಕಾಕಾ ಅವನನ್ನು ಕನಿಕರದಿಂದ ನೋಡಿದರು. "ಅದಕ್ಕೇ ನಿಮ್ಮಲ್ಲಿ ಸೀಟ್ ಖಾಲಿ ಇರ್ತಾವ."

ಇಂಟರ್‌ವಲ್ಲಿನಲ್ಲಿ ಎದ್ದು ಚಪ್ಪಾಳೆ ತಟ್ಟಿ "ಚಹಾ ಕುಡಿಯೋರು ಕುಡೀರಿ, ಗಾಡಿ ಭಾಳ ಹೊತ್ತು ನಿಲ್ಲಂಗಿಲ್ಲ!" ಎಂದು ಕೂಗಿದರು. ಇಡೀ ಥಿಯೇಟರು ಗಡಬಡಿಸಿ ಎದ್ದಿತು. ಆ ಧ್ವನಿಗೆ ಏಳದೆ ಕುಳಿತಿರುವ ಬೀದರಿನವರು ಯಾರು?

ಮರುದಿನ ಕಾಕಾ ಉಸ್ತಾದರ ಕಿಟಕಿಗೆ ಹೋಗಿ ವರದಿ ಒಪ್ಪಿಸಿದರು.

"ಮಸ್ತ್ ಇತ್ತು ಉಸ್ತಾದ್."

"ಕಥಿ ಏನು?"

"ಟೀಚರ್ ಭಾಳ ಅತ್ತರು."

"ಅದಲ್ಲೋ. ಹೀರೋ ಯಾರು?"

"ಹಿಂದ ಕುಂತ ಹುಡುಗರು ಸೀಟಿ ಹೊಡದ್ರು. ಯಾರೋ ದೊಡ್ಡಾವನೇ ಇರಬೇಕು. ಮುಂದಿನ ಸಲ ನೀನೇ ಬಂದು ನೋಡು."

"ನೋಡೋಣ" ಎಂದರು ಉಸ್ತಾದರು. ನಮ್ಮ ಕಡೆ ನೋಡೋಣ ಎಂದರೆ ಇಲ್ಲ ಎಂದರ್ಥ.

ಸಿನಿಮಾಗಳು ಬಂದವು, ಹೋದವು. ತುದಿಯ ಕುರ್ಚಿಯಲ್ಲಿ ಟವೆಲ್ಲೊಂದೇ ಎಲ್ಲವನ್ನೂ ನೋಡಿತು. ಕಡೆಗೆ ಟೀಚರ್ ಕೇಳಿಯೇಬಿಟ್ಟರು: "ಬರದವರ ಸಲಾಕ್ ಎಷ್ಟು ದಿನಾ ಅಂತ ಜಾಗಾ ಹಿಡೀತೀರಿ ಕಾಕಾ? ಅವರು ಬರಂಗಿಲ್ಲ, ಬಿಡ್ರಿ." ಕಾಕಾ ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು.

ಮುಂದಿನ ವಾರ ಹೊಸ ಹುಕುಂ ಹೊರಟಿತು: ಈ ಸಲ ಭಾಲ್ಕಿಯ ಟಾಕೀಸಿನಲ್ಲಿ ಮ್ಯಾಟಿನಿ, ಬಾಡಿಗೆ ಜೀಪು. ಬೀದರಿನಲ್ಲಿ ಅದೇ ಸಿನಿಮಾ ನಡೆಯುತ್ತಿರುವಾಗ ಭಾಲ್ಕಿಗೇಕೆ ಹೋಗಬೇಕು ಎಂದು ಕೇಳಿದವರಿಗೆ "ರೂಟ್ ಬದಲಾಗ್ಯದ" ಎಂಬ ಉತ್ತರ ಸಿಕ್ಕಿತು. ಜೀಪಿನ ಮಾಲಕ ಬೆಳಿಗ್ಗೆಯೇ ಅದನ್ನು ತಂದು, ಸರಿಯಾಗಿ ಉಸ್ತಾದರ ಕಿಟಕಿಯ ಕೆಳಗೆ ಕೀಲಿ ಸಮೇತ ಬಿಟ್ಟುಹೋಗಿದ್ದ. ಎಲ್ಲರೂ ಹತ್ತಿ ಕುಳಿತೆವು. ಬಾರದವನು ಜೀಪಿನ ಡ್ರೈವರ್ ಒಬ್ಬನೇ. ಅವನು ನಿಜಕ್ಕೂ ಕೈಕೊಟ್ಟನೋ, ಬರಬೇಡ ಎಂದು ಅವನಿಗೆ ಯಾರಾದರೂ ಹೇಳಿದ್ದರೋ, ಬೇರೆ ಮೂಲಗಳಿಂದ ಖಚಿತಪಡಿಸಿಕೊಳ್ಳಲು ಇಂದಿಗೂ ನನಗೆ ಸಾಧ್ಯವಾಗಿಲ್ಲ.

"ಹೋಗ್ಲಿ, ನಾನೇ ಹೊಡೀತೇನಿ" ಎಂದು ಕಾಕಾ ಸ್ಟೇರಿಂಗ್ ಮುಂದೆ ಕುಳಿತರು. ಕಾಕು ಹಿಂದಿನಿಂದ ಚೀರಿದರು: "ಸೈಕಲ್ ಹೊಡಿಲಕ್ಕ ಬರಂಗಿಲ್ಲ ನಿಮಗ!"

ಕಾಕಾ ಕೀಲಿ ತಿರುವಿ ಕೈಗೆ ಸಿಕ್ಕಿದ್ದನ್ನು ಎಳೆದರು. ಜೀಪು ಕರಕರ ನರಳಿ, ಗಕ್ಕನೆ ಜಿಗಿದು, ಸತ್ತು ನಿಂತಿತು. ಟೀಚರ್ ನನ್ನ ತೋಳು ಹಿಡಿದುಕೊಂಡರು. ಕಾಕಾ ಮತ್ತೆ ಕೀಲಿಗೆ ಕೈ ಹಾಕಿದರು.

"ಲೇ! ಕ್ಲಚ್ ಒತ್ತೋ, ಕ್ಲಚ್!" ಉಸ್ತಾದರ ಕಿಟಕಿಯಿಂದ ಗುಡುಗು ಬಂತು. "ಗೇರ್ ಬಾಕ್ಸ್ ಹಾಳು ಮಾಡ್ತಿ!"

"ಕ್ಲಚ್ ಯಾವುದು ಉಸ್ತಾದ್?" ಅದರ ಪಕ್ಕದಲ್ಲೇ ಆಯುಷ್ಯ ಕಳೆದ ಮನುಷ್ಯ ಕೇಳಿದ ಪ್ರಶ್ನೆಯಿದು!

ಬಾಗಿಲು ಧಡಾರನೆ ತೆರೆಯಿತು. ಉಸ್ತಾದರು ಚಪ್ಪಲಿ ಕೂಡ ಮೆಟ್ಟದೆ ಬೀದಿಗಿಳಿದರು. "ಸರಿ ಆ ಕಡಿ. ಮಂದಿನ ಕೊಲ್ತಿ ಏನು?"

ಕಾಕಾ ಸರಿದರು. ಉಸ್ತಾದರು ಕನ್ನಡಿ ತಿದ್ದಿಕೊಂಡರು, ಗೇರಿನ ಮೇಲೆ ಕೈಯಿಟ್ಟರು. ಕಾಕಾ ಬಾಗಿಲ ಮೇಲೆ ತಟ್ಟಿ ಸಣ್ಣಗೆ ಹೇಳಿದರು: "ರೈಟ್."

ಭಾಲ್ಕಿಯಲ್ಲಿ ಉಸ್ತಾದರು ನಮ್ಮೊಂದಿಗೇ ಕುಳಿತು ಸಿನಿಮಾ ನೋಡಿದರು. ಹೀರೋ ಕಾರನ್ನು ಗಾಳಿಯಲ್ಲಿ ತಿರುಗಿಸಿದಾಗ "ಹಂಗ ಹೊಡದ್ರ ಆಕ್ಸಲ್ ಉಳಿತದೇನು? ಮೂರ್ಖ ಅದಾನ" ಎಂದು ಗಟ್ಟಿಯಾಗಿ ಬೈದರು. ಪರದೆಗೆ ಬೆನ್ನು ಹಾಕಿ ನಿಂತಿದ್ದ ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು.

ಮರಳುವಾಗ ಹೊತ್ತು ಇಳಿಯುತ್ತಿತ್ತು. ಹಿಂದೆ ನಮ್ಮದು ಕಥೆಯ ಚರ್ಚೆ, ಗದ್ದಲ. ಉಸ್ತಾದರು ಕನ್ನಡಿಯಲ್ಲಿ ನಮ್ಮನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಬಗ್ಗಿ ನೋಡಿದರೆ ಕಾಕಾ ಅವರ ಹೆಗಲಿಗೆ ತಲೆ ಆನಿಸಿ ಮಲಗಿಬಿಟ್ಟಿದ್ದರು.

"ಔರಾದ ಗಾಡಿಯಾಗೂ ಹಿಂಗೇ" ಎಂದರು ಉಸ್ತಾದರು ಮೆಲ್ಲಗೆ. "ಕಡೀ ಟಿಕೀಟ್ ಹರದ ಅಂದ್ರ, ನನ್ನ ಮ್ಯಾಲ ಬಿಟ್ಟು ಮಲಗತಿದ್ದ."

ನಮ್ಮ ಓಣಿ ಬಂತು. ಜೀಪು ನಿಧಾನಿಸಿತು, ನಿಲ್ಲಲಿಲ್ಲ. ಉಸ್ತಾದರು ತಮ್ಮ ಮನೆಯ ಬಾಗಿಲನ್ನೊಮ್ಮೆ, ಹೆಗಲ ಮೇಲಿನ ತಲೆಯನ್ನೊಮ್ಮೆ ನೋಡಿ, ಮತ್ತೆ ದೊಡ್ಡ ರಸ್ತೆಯ ಕಡೆಗೇ ತಿರುವಿದರು. ಏನೋ ಹೇಳಲು ಬಾಯಿ ತೆರೆದ ಟೀಚರ್ ಕಾಕುವಿನ ಮುಖ ನೋಡಿದರು. ಇಳಿಸಿರಿ ಎನ್ನುವವರು ಯಾರಾದರೂ ಇದ್ದರೆ ಅದು ಕಾಕು.

ಕಾಕು ಮುಂದಕ್ಕೆ ಬಾಗಿದರು. "ಹೋಗ್ರಿ ಅಣ್ಣಾ. ಮುಂದ ಹಂಪ್ ಭಾಳ ಅದಾವ. ಸಾವಕಾಶ ಹೋಗ್ರಿ."