ಕರೇ ಕಿಟಕಿಯೊಳಗಿನ ಮುಖಗಳು

ಬೆಟಗೇರಿಯೊಳಗ ಫೋಟೊ ಪ್ರಿಂಟ್ ಹಾಕೂ ಅಂಗಡಿ ನಂದು. ನೋಡಬೇಕಂತ ಜೀವ ಹಂಬಲಸೂ ಮುಖಾನ ಕಂಪ್ಯೂಟರ್‌ನ್ಯಾಗ ತೆರೀವಲ್ದು ಅಂತ ವಾರಕ್ಕ ಒಬ್ಬರರ ಬಂದ ಬರ್ತಾರ. ಆಗ ನಾನು ಪರದೆ ಮ್ಯಾಲ ಬರೇ ಅಕ್ಷರ ಹೊಡಿಯೂ ಕರೇ ಕಿಟಕಿ ತೆಗದು, ಒಂದು ಸಾಲು ಕಮಾಂಡ್ ಹೊಡೀತೀನಿ.

ಹಾಜರಿ

ಶಿರಹಟ್ಟಿಯ ನಿವೃತ್ತ ಮಾಸ್ತರೊಬ್ಬರು ಪೆನ್‌ಡ್ರೈವ್ ತಂದ್ರು. ಪುಣೇದಾಗಿನ ಮಗಳು ಕೂಸಿನ ಫೋಟೊ ಕಳಿಸಿದ್ಲು. ಆ ಮೊಮ್ಮಗಳನ್ನ ಅವರು ಇನ್ನೂ ಎತ್ತಿಕೊಂಡಿದ್ದಿಲ್ಲ.

"ಜೆಪಿಜಿ ಇರಬೇಕು ಅಂದಿದ್ರೆಲ್ಲಾ, ಹೆಸರಿನ ಮುಂದ ನಾನ ಜೆಪಿಜಿ ಅಂತ ಬರದೀನಿ. ಆದ್ರೂ ತೆರೀವಲ್ದು."

ಫೈಲಿನ ಒಳಗ ಖರೆ ಏನೈತಿ ಅಂತ ಕಮಾಂಡ್ ಹಾಕಿ ನೋಡಿದೆ. "ಸರ್, ಹೆಸರಷ್ಟ ಜೆಪಿಜಿ. ಒಳಗಿರೂದು ಹೊಸ ಫೋನಿನ ಎಚ್‌ಇಐಸಿ ಅನ್ನೂ ಬ್ಯಾರೆ ನಮೂನಿ ಫೈಲು."

ಮಾಸ್ತರು ಹಣಿ ಬಡ್ಕೊಂಡ್ರು. "ಸಾಲಿಗೆ ಬರದ ಹುಡುಗನ ಬದಲಿ ಬ್ಯಾರೆಯಾಂವ 'ಹಾಜರ್ ಸಾರ್' ಅಂದಂಗಾತು. ಅಂಥವರನ್ನ ಹಿಡದು ಹಿಡದು, ಈಗ ನಾನ ಸಿಕ್ಕಬಿದ್ದೆ!"

ಎತ್ತು

ಮುಂಡರಗಿ ಕಡೆಯ ರೈತರೊಬ್ಬರು ತಮ್ಮ ಎತ್ತಿನ ಫೋಟೊ ತಂದ್ರು. ಶಿಗ್ಲಿಯವರಿಗೆ ಮಾರಿದ್ರಂತ; ಮೇವು ಹಾಕೂ ಗ್ವಾದ್ಲಿ ಖಾಲಿ ನೋಡಿದ್ರ ಊಟ ಸೇರವಲ್ದಂತ. ಫೋನಿನ್ಯಾಗ ನೆಟ್ಟಗ ನಿಂತಿದ್ದ ಎತ್ತು, ನನ್ನ ಪರದೆ ಮ್ಯಾಲ ಅಡ್ಡ ಆತು.

"ಯವ್ವಾ, ನಮ್ಮನ್ಯಾಗ ಹಗಲಹೊತ್ತಿನ್ಯಾಗ ಒಂದಿನಾನೂ ಮಕ್ಕೊಂಡಿಲ್ಲ" ಅಂದ್ರು. "ನಿನ್ನ ಅಂಗಡ್ಯಾಗಿನ ಫ್ಯಾನಿನ ಗಾಳಿ ಹತ್ತೇತಿ ನೋಡು."

ಗಡ್ಡ

ಲಕ್ಷ್ಮೇಶ್ವರದಾಗ ಗಾಜಿನ ಬಳಿ ಅಂಗಡಿ ನಡೆಸೂ ಚಾಚಿ ಒಬ್ಬರು ಬಂದ್ರು. ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ಗಂಡನ ಚಂದನ್ನ ಫೋಟೊ ಅಂದ್ರ ಅಂಗಡಿ ಫ್ಲೆಕ್ಸಿಗೆ ಅಂತ ಹಿಂದ ಮಾಡಿಸಿದ ಫೈಲು ಒಂದ. ಅದು ಛಾಪಖಾನೆಯ ಬಣ್ಣದ ಲೆಕ್ಕದಾಗಿತ್ತು. ನನ್ನ ಕಂಪ್ಯೂಟರ್‌ನ್ಯಾಗ ತೆರೆದ್ರ ಬಣ್ಣ ಎಲ್ಲಾ ಉಲ್ಟಾ: ಮುಖ ನೀಲಿ, ಬೆಳ್ಳನ ಗಡ್ಡ ಕರ್ರಗ.

ಚಾಚಿ ಅಳ್ತಾರೇನೋ ಅಂತ ನಾ ಹೆದರಿದೆ. ಅವರು ಸೆರಗು ಬಾಯಿಗಿಟ್ಟು ನಕ್ರು. "ಗಡ್ಡಕ್ಕ ಬಣ್ಣ ಹಚ್ಕೋರಿ ಅಂತ ಹತ್ತು ವರ್ಷ ಬಡ್ಕೊಂಡೆ. ಈಗ ಹಚ್ಕೊಂಡಾರ!"

ಕಮಾಂಡ್ ಬರದೆ. ಮೊದಲನೇದು ತಪ್ಪಾತು, ಇನ್ನೊಂದು ಬರದೆ. ಬಣ್ಣ ತಿರುಗಿ, ಗೋಧಿ ಮೈಬಣ್ಣದ ಮುಖ, ಬೆಳ್ಳನ ಗಡ್ಡ ಮೂಡಿತು. ಚಾಚಿ ನಗೂದು ನಿಂತಿತು. ಪರದೆಗೆ ಕೈ ಹಚ್ಚಿದ್ರು.

ನಾನು ಮೆಲ್ಲಕ ಕೇಳಿದೆ, "ಚಾಚಿ, ಎಷ್ಟು ದೊಡ್ಡದು ಮಾಡ್ಲಿ?"

ಅವರು ಪರದೆ ಮ್ಯಾಲಿಂದ ಕಣ್ಣು ತೆಗೀಲಿಲ್ಲ. "ಐದು ಅಡಿ ನಾಕು ಇಂಚು" ಅಂದ್ರು. "ಚಪ್ಪಲಿ ಹಾಕ್ಕೊಂಡ್ರ ಐದು ಅಡಿ ಐದು."