ಗಂಗವ್ವನ ಗೃಹಪ್ರವೇಶ

ಮನೆ ಕಟ್ಟದ ಗಂಡಸನ್ನು ನಮ್ಮ ಹೊಸಪೇಟೆಯ ಕಡೆ ಜನ ನೋಡುವ ರೀತಿಯೇ ಬೇರೆ. ಮದುವೆಯಾಗದವನನ್ನು ಕ್ಷಮಿಸುತ್ತಾರೆ, ಪರೀಕ್ಷೆಯಲ್ಲಿ ನಪಾಸಾದವನನ್ನು ಮರೆಯುತ್ತಾರೆ. ನಿವೇಶನವಿದ್ದೂ ಮನೆ ಕಟ್ಟದವನನ್ನು ಮಾತ್ರ ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ ಬಿಡದೆ ವಿಚಾರಿಸುತ್ತಾರೆ. ಮರಿಯಮ್ಮನಹಳ್ಳಿಯ ರಸ್ತೆಯಲ್ಲಿ ನನ್ನದೊಂದು ನಿವೇಶನವಿದೆ. ಅದನ್ನು ಕೊಂಡು ಇಪ್ಪತ್ತೆರಡು ವರ್ಷಗಳಾದವು. ಈ ಅವಧಿಯಲ್ಲಿ ಅಲ್ಲಿ ಜಾಲಿಗಿಡ ಬೆಳೆಯಿತು; ಇಲ್ಲಿ ನನ್ನ ಬೀರುವಿನಲ್ಲಿ ನಕ್ಷೆಗಳು ಬೆಳೆದವು. ಒಟ್ಟು ಹದಿನಾಲ್ಕು. ಪ್ರತಿಯೊಂದಕ್ಕೂ ಅಂಚು ಬಿಟ್ಟು, ಶೀರ್ಷಿಕೆ ಬರೆದು, ಅಡಿಗೆರೆ ಎಳೆದಿದ್ದೇನೆ. ಪ್ರತಿಯೊಂದರಲ್ಲಿಯೂ ಕೊನೆಗೊಂದು ದೋಷ ಕಂಡಿದೆ. ಒಂದರಲ್ಲಿ ಮೆಟ್ಟಿಲಿನ ಕೆಳಗಿನ ಜಾಗ ವ್ಯರ್ಥ. ಇನ್ನೊಂದರಲ್ಲಿ ಅಡುಗೆಮನೆಯಲ್ಲಿ ನಿಂತವರಿಗೆ ಬಾಗಿಲಿಗೆ ಬಂದವರು ಕಾಣುವುದಿಲ್ಲ. ಮತ್ತೊಂದರಲ್ಲಿ ಕಾಣುತ್ತಾರೆ, ಅದೂ ಸರಿಯಲ್ಲ. ಇಪ್ಪತ್ತೊಂಬತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಕಂಡ ತಪ್ಪನ್ನು ತಿದ್ದದೆ ಮುಂದಿನ ಸಾಲಿಗೆ ಹೋಗಬಾರದೆಂಬ ಅಭ್ಯಾಸ ಬೆಳೆಸಿಕೊಂಡವನು ತಪ್ಪಿರುವ ಮನೆಯಲ್ಲಿ ವಾಸಮಾಡುವುದು ಹೇಗೆ? ಆದ್ದರಿಂದ ಬಾಡಿಗೆಯ ಮನೆಯಲ್ಲಿದ್ದೇನೆ. ಅದರ ತಪ್ಪುಗಳಿಗೆ ನಾನು ಹೊಣೆಯಲ್ಲ.

ಇಂಥ ನಾನು ಒಂದೇ ವಾರದಲ್ಲಿ ಒಂದು ಮನೆಯನ್ನು ಕಟ್ಟಿ ಮುಗಿಸಬೇಕಾಗಿ ಬಂದದ್ದು ನಮ್ಮ ಅಕ್ಕನಿಂದ. ನೀಲಕ್ಕ ಸಂಡೂರಿನ ಕಡೆ ಗಣಿ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ನಿವೃತ್ತಳಾದವಳು. ಲಾರಿ ಓಡಿಸುವ ಧಡೂತಿ ಆಳುಗಳು ಅವಳ ಕೈಯ ಸೂಜಿ ಕಂಡು ಕಣ್ಣು ಮುಚ್ಚುತ್ತಿದ್ದರಂತೆ. ತನ್ನ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಮಾತ್ರ ಐದು ವರ್ಷಗಳಿಂದ ಅವಳಿಗೇ ಒಂದಲ್ಲ ಒಂದು ಕೆಲಸ ಅಡ್ಡ ಬರುತ್ತಿತ್ತು. ಅಡುಗೆಮನೆಯಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುವಷ್ಟಾಗಿತ್ತು. ಇನ್ನೂ ತಡಮಾಡಿದರೆ ಹಾಸಿಗೆಯೇ ಗತಿ ಎಂದು ವೈದ್ಯರು ಹೇಳಿದ ಮೇಲೆ, ಹೊಸಪೇಟೆಯ ಆಸ್ಪತ್ರೆಯಲ್ಲಿ ಒಂದು ಶನಿವಾರ ಗೊತ್ತುಮಾಡಿ, ಏಳು ದಿನ ಮುಂಚಿತವಾಗಿಯೇ ಅವಳನ್ನು ಕರೆತಂದೆ. ಒಂದು ಕೈಯಲ್ಲಿ ಊರುಗೋಲು ಹಿಡಿದು ಆಟೋದಿಂದ ಇಳಿದಳು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಚಕ್ಕುಲಿ ಇರಬೇಕೆಂದು ನನ್ನ ಹೆಂಡತಿ ಗಿರಿಜಾ ಮುಚ್ಚಳಕ್ಕೆ ಕೈಹಾಕಿದಳು.

"ತಗೀಬ್ಯಾಡವ್ವ, ಗಂಗವ್ವ ಹೆದರತಾಳ" ಎಂದಳು ಅಕ್ಕ.

ಗಂಗವ್ವ ಒಂದು ಜೇಡ. ಟರಾಂಟುಲಾ ಎಂಬ ಜಾತಿಯದು. ಅಂಗೈಯಷ್ಟು ಅಗಲ, ಮೈತುಂಬ ರೋಮ, ಕಂಬಳಿ ಹೊದ್ದು ಕುಳಿತ ಹಿರಿಯರ ಗಾಂಭೀರ್ಯ. ಅಕ್ಕನ ಪಕ್ಕದ ಮನೆಯಲ್ಲಿದ್ದ ಎಂಜಿನಿಯರೊಬ್ಬ ಇದನ್ನು ಸಾಕಿಕೊಂಡಿದ್ದನಂತೆ. ವರ್ಗವಾದಾಗ ನಾಲ್ಕು ದಿನದ ಮಟ್ಟಿಗೆಂದು ಬಿಟ್ಟುಹೋದವನು ಮರಳಿ ಬರಲಿಲ್ಲ. ಎರಡು ವರ್ಷದಿಂದ ಅಕ್ಕನೇ ಜಿರಳೆ ಹಿಡಿದು ಹಾಕಿ ಬೆಳೆಸಿದ್ದಾಳೆ. ನಾನು ಬಾಗಿಲ ಹೊರಗೆ ನಿಂತೇ, "ನಿನಗೆ ಇದೇಕೆ ಬೇಕಾಗಿತ್ತು?" ಎಂದು ಕೇಳಿದೆ.

"ಜಾಸ್ತಿ ಮಾತಿಲ್ಲ. ಇನ್ನೊಬ್ರ ಮಾತು ತಿದ್ದಂಗಿಲ್ಲ. ಮನ್ಯಾಗ ಹಿಂಥೋರು ಸಿಗೋದು ಭಾಳ ಕಮ್ಮಿ ಚಂದ್ರಾ."

ಗಿರಿಜಾ ಒಳಗೆ ಹೋಗಿ ನಕ್ಕಳು. ಅಕ್ಕ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ತನ್ನ ಷರತ್ತನ್ನು ಮುಂದಿಟ್ಟಳು. "ಈ ಡಬ್ಬ್ಯಾಗ ಆಕಿ ಕಾಲು ಮುದುರ್ಕೊಂಡು ಕುಂತಾಳ. ಆಕಿನ್ನ ಹಿಂಗ ಬಿಟ್ಟು ನಾ ಹೋಗಿ ನನ್ನ ಕಾಲು ರಿಪೇರಿ ಮಾಡಿಸ್ಕೊಳ್ಳೋದು ಹೆಂಗ? ಶುಕ್ರವಾರದೊಳಗ ಆಕಿಗೊಂದು ಮನಿ ಮಾಡು. ನಾ ನೋಡಿ ಹೂಂ ಅಂದ್ರ ಶನಿವಾರ ಆಸ್ಪತ್ರಿ. ಇಲ್ಲಾಂದ್ರ ಇಬ್ರೂ ವಾಪಸ್ ಸಂಡೂರಿಗೆ. ನಿನ್ನ ಮನಿಯಂತೂ ಕಟ್ಟಲಿಲ್ಲ, ಇದನ್ನಾದ್ರೂ ಕಟ್ಟು."

ನಾನು ಹೊಸ ಹಾಳೆ ತೆಗೆದು ಅಂಚು ಬಿಟ್ಟೆ. ಮೊದಲನೆಯ ನಕ್ಷೆಯಲ್ಲಿ ಮೂರು ಅಂತಸ್ತು, ಪ್ರತಿ ಅಂತಸ್ತಿಗೂ ಇಳಿಜಾರು ದಾರಿ. ಅಕ್ಕ ತನ್ನ ಔಷಧಿಯ ಚೀಟಿಗೆ ಗುರುತು ಹಾಕಬೇಕೆಂದು ನನ್ನ ಕೆಂಪು ಪೆನ್ನು ಕೇಳಿ ಪಡೆದು, ನಕ್ಷೆಗೆ ಅಡ್ಡಗೆರೆ ಎಳೆದಳು. "ಎತ್ತರದಿಂದ ಬಿದ್ರ ಹೊಟ್ಟಿ ಒಡದು ಸಾಯ್ತಾಳ. ತಗ್ಗಿರಬೇಕು." ಎರಡನೆಯದರಲ್ಲಿ ಗಾಳಿಗೆಂದು ಮೇಲೆ ಜಾಲರಿ. "ಉಗುರು ಸಿಕ್ಕೊಂಡು ಕಾಲು ಮುರೀತಾವ." ಮತ್ತೆ ಕೆಂಪು ಗೆರೆ. ಮೂರನೆಯದರಲ್ಲಿ ನಾಲ್ಕೂ ಕಡೆಯಿಂದ ಧಾರಾಳ ಬೆಳಕು. "ಆಕಿಗೆ ಕತ್ತಲ ಬೇಕು. ಬೆಳಕು ಕೊಟ್ರ ಕುಂತು ಪೇಪರ್ ಓದ್ತಾಳೇನು?" ನನ್ನ ಕೈಯಲ್ಲಿ ಸಾವಿರಾರು ಉತ್ತರಪತ್ರಿಕೆಗಳು ಹೀಗೆ ಕೆಂಪಾಗಿವೆ, ಆ ಮಕ್ಕಳಿಗೆ ಏನನ್ನಿಸಿರಬಹುದೆಂದು ಯೋಚಿಸಿದ್ದು ಇದೇ ಮೊದಲು. ಸೋಮವಾರ ಸಂಜೆಗೆ ಆರು ನಕ್ಷೆಗಳಾಗಿದ್ದವು. ಆರನೆಯದನ್ನು ಅವಳು ಹಿಂದಿರುಗಿಸಲಿಲ್ಲ. ಅದರ ಮೇಲೆ ಚಹಾ ಲೋಟ ಇಟ್ಟುಕೊಂಡಳು. ಅದನ್ನು ಒಪ್ಪಿಗೆಯೆಂದು ತಿಳಿದೆ.

ಮಂಗಳವಾರ ಕಂಪ್ಲಿಯಿಂದ ಬಡಿಗ ಮೌನೇಶಣ್ಣ ಬಂದ. ನನ್ನ ಪುಸ್ತಕದ ಕಪಾಟು ಮಾಡಿದವನು. ಅದರ ಒಂದು ಕಾಲು ಗಿಡ್ಡವಾಗಿದೆಯೆಂದು ನಾನು ಮೂರು ಸಲ ಕರೆಸಿದ್ದರಿಂದ ನನ್ನ ಮೇಲೆ ಅವನಿಗೆ ವಿಶೇಷ ಗೌರವ. "ಮನೆ" ಎಂಬ ಮಾತು ಕೇಳಿದ ಕೂಡಲೇ ಟೇಪು ಬಿಚ್ಚಿ ಕುಳಿತ.

"ಎಷ್ಟು ಮಂದಿ ಇರ್ತಾರ್ರಿ ಸರ?"

"ಒಬ್ಬರೇ" ಎಂದೆ. ಬಹುವಚನ ಯಾಕೆ ಬಂತೋ ತಿಳಿಯದು.

"ಬಾಗ್ಲ ಯಾವ ದಿಕ್ಕಿಗೆ ಇಡ್ಲಿ?"

"ಬಾಗಿಲಿಲ್ಲ. ಮೇಲುಗಡೆ ಮುಚ್ಚಳ."

"ಮ್ಯಾಲ ಅನ್ನೋದು ದಿಕ್ಕಲ್ರಿ ಸರ. ಮೂವತ್ತು ವರ್ಷದಾಗ ನಾ ದಿಕ್ಕಿಲ್ಲದ ಮನಿ ಮಾಡಿಲ್ಲ."

ಕೀಲುಗಳನ್ನು ಪಡುವಣಕ್ಕೆ ಹಚ್ಚಿದರೆ ಮುಚ್ಚಳ ಮೂಡಣಕ್ಕೆ ತೆರೆಯುತ್ತದೆ ಎಂದು ನಾನು ರೇಖೆ ಎಳೆದು ತೋರಿಸಿದ ಮೇಲೆ ಸಮಾಧಾನವಾಯಿತು. ಆಮೇಲೆ ವಾಸಿಸುವವರನ್ನು ತೋರಿಸಿದೆ. ಅವನು ಡಬ್ಬಿಯನ್ನೇ ಬಹಳ ಹೊತ್ತು ನೋಡಿ, "ಹಂಗಾರ ಚಿಲಕ ಎರಡು ಹಾಕ್ತೀನಿ" ಎಂದ.

ಗುರುವಾರ ಅವನು ತಂದದ್ದು ಮಿಠಾಯಿ ಅಂಗಡಿಯ ಹಳೆಯ ಗಾಜಿನ ಪೆಟ್ಟಿಗೆ, ಎತ್ತರ ಕೊಯ್ದು ತಗ್ಗು ಮಾಡಿದ್ದು. ಮರದ ಮುಚ್ಚಳ, ಅದರಲ್ಲಿ ಸಾಲುತಪ್ಪದ ಸಣ್ಣ ರಂಧ್ರಗಳು, ಎರಡು ಚಿಲಕ. ನೆಲದ ಮಣ್ಣಿಗೆಂದು ನರ್ಸರಿಯಿಂದ ತೆಂಗಿನ ನಾರಿನ ಪುಡಿ ತಂದು, ಜರಡಿ ಹಿಡಿದು, ನೀರು ಚಿಮುಕಿಸಿದೆ. ನಾಲ್ಕು ಬೆರಳು ಆಳಕ್ಕೆ ಹಾಕಿದರೆ ಅಕ್ಕ ಗೇಣು ಆಳ ಕೇಳಿದಳು. ಮುಷ್ಟಿಯಲ್ಲಿ ಹಿಡಿದು ನೋಡಿ, "ಹಿಂಡಿದ್ರ ನೀರು ಬರಬಾರ್ದು, ಬಿಟ್ರ ಉದುರಬಾರ್ದು" ಎಂದು ಮೂರು ಸಲ ಒಣಗಿಸಿದಳು. ಮೂಲೆಯಲ್ಲಿ ಅರ್ಧ ಮಡಕೆಯನ್ನು ಕೋನಮಾಪಕ ಹಿಡಿದು ಓರೆಯಾಗಿ ಹೂತೆ. ಜೇಡ ಅವಿತುಕೊಳ್ಳಲು ಅದೇ ಗೂಡು. ಎಲ್ಲವೂ ಮುಗಿಯಿತೆಂದು ಕೈತೊಳೆಯಲು ಹೊರಟವನನ್ನು ಅಕ್ಕ ತಡೆದಳು.

"ಹಾಲುಕ್ಕಿಸದ ಮನಿಯೊಳಗ ನಾ ಯಾರನ್ನೂ ಬಿಟ್ಟು ಹೋಗಂಗಿಲ್ಲ. ನಾಕು ಮಂದಿನ್ನ ಕರಿ. ಅವ್ರು ಹರಸಿದ್ರ ನನ್ನ ಕಾಲಿಗೂ ಹತ್ತತೈತಿ."

ಕೊನೆಯ ವಾಕ್ಯವನ್ನು ಹೇಳುವಾಗ ಅವಳ ದನಿ ಸ್ವಲ್ಪ ತಗ್ಗಿತು. ಜೇಡದ ನೆವದಲ್ಲಿ ಈಕೆ ಹೆದರಿಕೊಂಡಿದ್ದಾಳೆ ಎಂಬುದು ನನ್ನಂಥವನಿಗೂ ತಿಳಿಯಿತು. ಆದ್ದರಿಂದ ಎದುರಾಡದೆ ಮೊಬೈಲು ತೆಗೆದು ಶಾಲೆಯ ಹಳೆಯ ಸಹೋದ್ಯೋಗಿಗಳಿಗೆ ಬರೆದೆ: "ಮಾನ್ಯರೇ, ನಾಳೆ ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮಲ್ಲಿ ನೂತನ ಗೃಹಪ್ರವೇಶದ ನಿಮಿತ್ತ ಹಾಲು ಉಕ್ಕಿಸುವ ಕಾರ್ಯಕ್ರಮವಿದೆ. ತಾವು ಕುಟುಂಬಸಮೇತ ಬಂದು ಹರಸಬೇಕು." ಒಂದು ಅಕ್ಷರವೂ ತಪ್ಪಿರಲಿಲ್ಲ. ಪ್ರವೇಶಿಸುವವರು ಯಾರೆಂದು ಬರೆಯಲು ಮಾತ್ರ ನಾಚಿಕೆಯಾಗಿ ಬಿಟ್ಟೆ.

ಶುಕ್ರವಾರ ಒಂಬತ್ತೂಕಾಲಿಗೇ ನಮ್ಮ ನಿವೃತ್ತ ಮುಖ್ಯೋಪಾಧ್ಯಾಯರಾದ ಬಸವರಾಜಪ್ಪನವರು ಜರಿಯಂಚಿನ ಪಂಚೆಯುಟ್ಟು, ಬಣ್ಣದ ಕಾಗದ ಸುತ್ತಿದ ಗೋಡೆಗಡಿಯಾರ ಹೊತ್ತು ಬಂದರು. ಹಿಂದೆಯೇ ಗಣಿತದ ವಿಶಾಲಾಕ್ಷಿ ಮೇಡಂ, ಕೈಯಲ್ಲಿ ಮುಯ್ಯಿಯ ಸ್ಟೀಲ್ ಬಟ್ಟಲುಗಳು. ಅವರ ಹಿಂದೆ ಕುಟುಂಬಸಮೇತರಾದ ಉಳಿದವರು. ನಾಲ್ಕು ಮಂದಿ ಎಂದದ್ದು ಹತ್ತೊಂಬತ್ತಾಗಿತ್ತು. ಮುಖ್ಯೋಪಾಧ್ಯಾಯರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣುಗಳು ತುಂಬಿದ್ದವು.

"ಅಂತೂ ಕಟ್ಟಿದ್ರಿ. ನಾ ಇರೋತನಕ ನೋಡ್ತೀನೋ ಇಲ್ಲೋ ಅಂದ್ಕೊಂಡಿದ್ದೆ. ನಡೀರಿ, ಎಲ್ಲೈತಿ? ಕಾರ್ ತಂದೀನಿ."

"ಕಾರು ಬೇಕಾಗುವುದಿಲ್ಲ ಸರ್. ಪಡಸಾಲೆಯಲ್ಲಿಯೇ ಇದೆ" ಎಂದೆ.

ಹತ್ತೊಂಬತ್ತು ಮಂದಿ ಆ ಪೆಟ್ಟಿಗೆಯ ಸುತ್ತ ನಿಂತ ಆ ಒಂದು ನಿಮಿಷವನ್ನು ನಾನು ವರ್ಣಿಸಲಾರೆ. ಮುಖ್ಯೋಪಾಧ್ಯಾಯರು ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. "ಇಪ್ಪತ್ತೆರಡು ವರ್ಷದ ಪ್ಲಾನ್ ಇದಾ?" ಎಂದು ಮೆಲ್ಲಗೆ ಕೇಳಿದರು. ಆದರೆ ನಮ್ಮ ಕಡೆಯ ಜನ ಉಟ್ಟು ಬಂದ ಮೇಲೆ ಕಾರ್ಯ ಕೆಡಿಸುವವರಲ್ಲ. ಗಿರಿಜಾ ಒಲೆಯ ಮೇಲೆ ಹಾಲು ಉಕ್ಕಿಸಿದಳು. ವಿಶಾಲಾಕ್ಷಿ ಮೇಡಂ ತಮ್ಮ ಬಟ್ಟಲುಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ಆರಿಸಿ, ಜೇಡಕ್ಕೆ ನೀರಿಡಲು ಕೊಟ್ಟರು. ಯಾರೋ, "ಬಲಗಾಲಿಟ್ಟು ಒಳಗ ಬರ್ಲಿ" ಎಂದರು. ನಾಲ್ಕು ಬಲಗಾಲುಗಳಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಚರ್ಚೆ ಎದ್ದು, ಮುಂದಿನದೇ ಎಂದು ಮೇಡಂ ತೀರ್ಪಿತ್ತರು.

ಗಂಗವ್ವನಿಗೆ ಮಾತ್ರ ಇದಾವುದೂ ಒಪ್ಪಿಗೆಯಾಗಲಿಲ್ಲ. ಹತ್ತೂವರೆಗೆ ರಾಹುಕಾಲ. ಅಕ್ಕ ಮೇಜನ್ನು ಹಿಡಿದು ನಿಂತು, ಡಬ್ಬಿಯನ್ನು ಪೆಟ್ಟಿಗೆಯೊಳಗೆ ಅಡ್ಡಲಾಗಿ ಇಟ್ಟು, ಬಣ್ಣ ಹಚ್ಚುವ ಕುಂಚದ ತುದಿಯಿಂದ ಅವಳನ್ನು ಹಿಂದಿನಿಂದ ಮೆಲ್ಲಗೆ ಮುಟ್ಟಿದಳು. ಹತ್ತು ಗಂಟೆ ಹತ್ತು ನಿಮಿಷಕ್ಕೆ ಗಂಗವ್ವ ಡಬ್ಬಿಯಿಂದ ಇಳಿದಳು. ಕಾಲುಗಳ ಕ್ರಮ ಯಾರಿಗೂ ತಿಳಿಯಲಿಲ್ಲ. ನನ್ನ ಮಡಕೆಯ ಬಳಿಗೆ ಹೋಗಿ ಒಂದು ಕಾಲಿನಿಂದ ಮುಟ್ಟಿ, ಬಿಸಿ ತಗುಲಿದವರಂತೆ ಹಿಂದೆ ಸರಿದಳು. ನಾಲ್ಕೂ ಮೂಲೆ ಸುತ್ತಿದಳು. ಕಡೆಗೆ ಡಬ್ಬಿಯ ಬಾಯಿಗೇ ಬಂದು ಕುಳಿತಳು.

"ಒಲ್ಲೆ ಅಂತಾಳ" ಎಂದಳು ಅಕ್ಕ, ಕುರ್ಚಿಯಲ್ಲಿ ಕುಸಿದು. "ಚಂದ್ರಾ, ಬಸ್ಸಿನ ಟೈಮ್ ನೋಡು. ನನಗೂ ಆಪರೇಶನ್ ಬ್ಯಾಡ."

"ಅಕ್ಕ, ಕೋನವನ್ನು ಸ್ವಲ್ಪ ತಿದ್ದಿದರೆ ಸರಿಯಾಗುತ್ತದೆ. ಏಳನೆಯ ನಕ್ಷೆ..."

"ನೀ ತಿದ್ದಿ ಮುಗಿಸೋದ್ರೊಳಗ ನಾನೂ ಇರಂಗಿಲ್ಲ, ಆಕಿನೂ ಇರಂಗಿಲ್ಲ."

ಆಗ ಗಿರಿಜಾ ಟಿವಿಯ ಮೇಲಿನಿಂದ ಒಂದು ವಸ್ತುವನ್ನು ಎತ್ತಿ ತಂದಳು. ನನ್ನ ಬೀಳ್ಕೊಡುಗೆಯಲ್ಲಿ ಶಾಲೆಯವರು ಕೊಟ್ಟ ನೆನಪಿನ ಕಾಣಿಕೆ ಅದು: ಹಂಪಿಯ ಹೆಬ್ಬಾಗಿಲಿನ ಮಾದರಿ, ಮರದ್ದು, ಒಳಗೆ ಪೊಳ್ಳು. ಹಣೆಯಲ್ಲಿ ಹಿತ್ತಾಳೆಯ ಫಲಕ. ಅದರಲ್ಲಿ ನನ್ನ ಹೆಸರು, ಕೆಳಗೆ "ಶಿಸ್ತಿಗೆ ಮತ್ತೊಂದು ಹೆಸರು" ಎಂಬ ಒಕ್ಕಣೆ. ಅದರೊಳಗಿನ ಧೂಳು ಒರೆಸಿ ಒರೆಸಿ ಅವಳಿಗೆ ಸಾಕಾಗಿತ್ತು. ಯಾರನ್ನೂ ಕೇಳದೆ, ಅಳತೆಯಿಲ್ಲದೆ, ಸೊಟ್ಟಗೆ, ಅದನ್ನು ಮಣ್ಣಿನಲ್ಲಿ ಒತ್ತಿ ಹಿಂಭಾಗವನ್ನು ಗಾಜಿಗೆ ಆನಿಸಿದಳು.

ಗಂಗವ್ವ ಎದ್ದಳು. ನೇರವಾಗಿ ಹೆಬ್ಬಾಗಿಲಿಗೆ ನಡೆದು, ಒಳಹೊಕ್ಕು, ತಿರುಗಿ, ಎರಡು ಕಾಲುಗಳನ್ನು ಹೊಸ್ತಿಲಿನ ಮೇಲಿಟ್ಟು ಕುಳಿತಳು. ರಾಹುಕಾಲಕ್ಕೆ ಇನ್ನೂ ನಾಲ್ಕು ನಿಮಿಷ ಬಾಕಿ. ಮುಖ್ಯೋಪಾಧ್ಯಾಯರು ಬಾಗಿ ಫಲಕವನ್ನು ಗಟ್ಟಿಯಾಗಿ ಓದಿ, "ಹೆಸರು ಸೈತ ಹಾಕಿಸ್ಯಾರ" ಎಂದರು. ಗಡಿಯಾರವನ್ನು ಹಿಂದಕ್ಕೆ ಒಯ್ಯಲಿಲ್ಲ. ಪೆಟ್ಟಿಗೆಯ ಮೇಲಿನ ಗೋಡೆಗೆ ತಾವೇ ನಿಂತು ಹಾಕಿಸಿದರು. ಹತ್ತೊಂಬತ್ತು ಮಂದಿಯೂ ಅಕ್ಕನ ಮೇಲೆ ಅಕ್ಷತೆ ಹಾಕಿದರು. ಪೆಟ್ಟಿಗೆಯ ಮುಚ್ಚಳದ ಮೇಲೂ ನಾಲ್ಕು ಕಾಳು ಬಿದ್ದವು.

ಶನಿವಾರ ಶಸ್ತ್ರಚಿಕಿತ್ಸೆಯಾಯಿತು. ನೋಡಲು ಬಂದವರಿಗೆ ಅಕ್ಕ ಮೊಣಕಾಲಿನ ಸುದ್ದಿಯನ್ನು ಎರಡು ಮಾತಿನಲ್ಲಿ ಮುಗಿಸಿ ಗೃಹಪ್ರವೇಶದ ಕಥೆಯನ್ನು ಅರ್ಧ ಗಂಟೆ ಹೇಳುತ್ತಿದ್ದಳು. ಮನೆಗೆ ಬಂದ ದಿನ ವಾಕರ್ ಹಿಡಿದು ಮೊದಲು ಪೆಟ್ಟಿಗೆಯ ಬಳಿಗೆ ನಡೆದು, ಮಣ್ಣು ಮುಟ್ಟಿ ನೋಡಿ, "ಮೂವತ್ತೈದು" ಎಂದಳು.

"ನೂರಕ್ಕೆ?"

"ಪಾಸಾತಲ್ಲ. ಅದರಾಗೂ ಇಪ್ಪತ್ತು ಗಿರಿಜಾಂದು."

ಗಂಗವ್ವ ಈಗ ಹೆಬ್ಬಾಗಿಲನ್ನು ಮಣ್ಣಿನಿಂದಲೂ ನೂಲಿನಿಂದಲೂ ಒಳಗಿನಿಂದ ಮುಚ್ಚಿಕೊಂಡಿದ್ದಾಳೆ. ಪೊರೆ ಬಿಡುವ ಕಾಲವಂತೆ, ಕದಲಿಸಬಾರದಂತೆ. ಹೀಗಾಗಿ ಈ ಲೋಕದಲ್ಲಿ ನನ್ನ ಹೆಸರಿರುವ ಏಕೈಕ ಬಾಗಿಲು ನನಗೆ ಮುಚ್ಚಿದೆ. ದಿನವೂ ಬೆಳಿಗ್ಗೆ ಬಟ್ಟಲಿಗೆ ನೀರು ಹಾಕಿ, ಅದರ ಮುಂದೆ ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಹಾಗೆ ನಿಂತು ನಿಂತು ನನಗೊಂದು ಹೊಳೆಯಿತು. ಮೊನ್ನೆ ಕುಳಿತು ನಿವೇಶನದ ಹದಿನೈದನೆಯ ನಕ್ಷೆ ಬರೆದೆ. ತಗ್ಗಾದ ಮನೆ, ಒಂದೇ ಕೋಣೆ, ಬೆಳಕು ಮಿತ, ಗಾಳಿ ಸಾಕಷ್ಟು, ಒಳಗಿನಿಂದ ಭದ್ರವಾಗಿ ಮುಚ್ಚಿಕೊಳ್ಳುವ ಬಾಗಿಲು. ಎಷ್ಟು ಹುಡುಕಿದರೂ ದೋಷ ಕಾಣಲಿಲ್ಲ. ಗಿರಿಜಾಳಿಗೆ ತೋರಿಸಿದೆ. ಅವಳು ನಕ್ಷೆಯನ್ನು ನೋಡಿ, ಪೆಟ್ಟಿಗೆಯನ್ನು ನೋಡಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು: "ಚಲೋ ಐತ್ರಿ. ಮೌನೇಶಣ್ಣಗ ಹೇಳ್ರಿ, ಎರಡು ದಿನದಾಗ ಮಾಡ್ತಾನ. ಚಿಲಕ ಎರಡು ಇರ್ಲಿ."